ಎಲೆಯ ಕೆಳಗೆ ನೋಡುತ್ತಿದ್ದವರು

ಅವರು ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ಹೈದರಾಬಾದಿನ ಮೆಹದಿಪಟ್ಟಣಂ ಸಂತೆಯ ಗದ್ದಲದ ನಡುವೆ. ಮೆಂತ್ಯದ ಸಿವುಡು ಆರಿಸುತ್ತಿದ್ದೆ, ಫೋನ್ ಬಂತು. ಅವರ ಯಜಮಾನರು. "ನಿಮ್ಮ ಮೇಡಂ ಹೋದ್ಲಪಾ" ಎಂದರು. ತಮ್ಮ ಹೆಂಡತಿಯನ್ನು ನನ್ನ ಮುಂದೆ ಅವರು ಯಾವತ್ತೂ ಕರೆಯುತ್ತಿದ್ದುದೇ ಹಾಗೆ. ಮನೆಗಿಂತ ಹೊಲದಲ್ಲೇ ಹೆಚ್ಚು ಹೊತ್ತು ಕಳೆಯುವ ಹೆಂಡತಿಯ ಮೇಲಿನ ದೂರು ಆ 'ನಿಮ್ಮ' ಅನ್ನುವುದರಲ್ಲಿ ಸೇರಿಕೊಂಡಿರುತ್ತಿತ್ತು. ಅವತ್ತು ದೂರಿನ ದನಿ ಇರಲಿಲ್ಲ. ಮಲಗಿದವರು ಬೆಳಿಗ್ಗೆ ಏಳಲಿಲ್ಲವಂತೆ.

ಕೂಕಟ್‌ಪಲ್ಲಿಯ ಅವರ ಫ್ಲ್ಯಾಟಿಗೆ ಹೋದಾಗ ನಾನು ಮೊದಲು ನೋಡಿದ್ದು ಅವರ ಕೈಗಳನ್ನು. ಟೊಮಾಟೊ ಗಿಡದಲ್ಲಿ ಕೈಯಾಡಿಸಿದವರಿಗೆ ಗೊತ್ತು, ಅದರ ಹಸಿರು ಅಂಟು ಬೆರಳಿಗೆ ಹತ್ತಿ ಕಪ್ಪಾಗುತ್ತದೆ, ಎಷ್ಟು ತಿಕ್ಕಿದರೂ ಎರಡು ದಿನ ಹೋಗುವುದಿಲ್ಲ. ನಾನು ಅವರ ಜೊತೆ ಕೆಲಸ ಮಾಡಿದ ಕಾಲದಲ್ಲಿ ಆ ಬೆರಳುಗಳು ಸ್ವಚ್ಛವಾಗಿದ್ದುದನ್ನು ಕಂಡಿರಲಿಲ್ಲ. ಈಗ ಬಿಳಿ ಚಾದರದ ಮೇಲೆ ಅವು ಬೇರೆ ಯಾರದೋ ಕೈಗಳಂತೆ ಬೆಳ್ಳಗಿದ್ದವು.

ಹೈಟೆಕ್ ಸಿಟಿಯ ಕಟ್ಟಡಗಳು ಒಂದರ ಬೆನ್ನಿಗೆ ಒಂದು ಏಳುತ್ತಿದ್ದ ಕಾಲದಲ್ಲಿ ನಾನು ಅವರ ಜೊತೆ ಕೆಲಸಕ್ಕೆ ಸೇರಿದ್ದು. ಆ ಕಟ್ಟಡಗಳಲ್ಲಿ ದುಡಿಯುವವರಿಗಾಗಿ ತಣ್ಣನೆಯ ಗಾಜಿನ ಅಂಗಡಿಗಳು ತೆರೆದವು. ಅಲ್ಲಿಗೆ ಒಂದೇ ಅಳತೆಯ, ಒಂದು ಚುಕ್ಕೆಯೂ ಇಲ್ಲದ ಟೊಮಾಟೊ ಬೇಕು. ಅದನ್ನು ಒದಗಿಸುತ್ತೇವೆಂದು ಸನತ್‌ನಗರದ ಹಳೆಯ ಗೋದಾಮೊಂದರಲ್ಲಿ ಹುಟ್ಟಿಕೊಂಡ ಸಣ್ಣ ಕಂಪನಿ ನಮ್ಮದು. ಊರ ಹೊರಗೆ ಬೋರಿನ ನೀರಿನಲ್ಲಿ ತರಕಾರಿ ಬೆಳೆಯುವವರ ಹೊಲಗಳಿಗೆ ಹೋಗಿ, ಬೆಳೆಗೆ ಬಿದ್ದ ರೋಗ, ಹುಳ ನೋಡಿ, ಏನು ಮಾಡಬೇಕೆಂದು ಹೇಳುವುದು ಮೇಡಂ ಅವರ ಕೆಲಸ. ಧಾರವಾಡದಲ್ಲಿ ಕೃಷಿ ಓದಿ, ಮದುವೆಯಾಗಿ ಹೈದರಾಬಾದಿಗೆ ಬಂದವರು. ಅವರ ಹಿಂದೆ ಚೀಲ ಹೊತ್ತು ಓಡಾಡುವುದು ನನ್ನ ಕೆಲಸ. ನಾನು ಸೇಡಂ ಕಡೆಯವನು. ಆಫೀಸಿನಲ್ಲಿ ಎಲ್ಲರೂ ತೆಲುಗು, ಹಿಂದಿ. ನಾವಿಬ್ಬರೇ ಇದ್ದಾಗ ಕನ್ನಡ.

ಕುಳ್ಳಗಿನ ಗಟ್ಟಿ ಮೈಕಟ್ಟು. ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು ಸಿಕ್ಕಿಸಿ, ಕಾಲಿಗೆ ಗಂಡಸರ ಬೂಟು ಹಾಕುತ್ತಿದ್ದರು. ಕೊರಳಲ್ಲಿ ತಾಳಿಯ ಜೊತೆಗೆ ಕಪ್ಪು ದಾರದಲ್ಲಿ ಒಂದು ಸಣ್ಣ ಭೂತಗನ್ನಡಿ. ಹೊಲಕ್ಕೆ ಹೋದರೆ ರೈತ ಮಾತಾಡುತ್ತಿದ್ದಂತೆಯೇ ಬಗ್ಗಿ ಒಂದು ಎಲೆಯನ್ನು ಮಗುಚಿ ನೋಡುವರು. ಆಮೇಲೆ ಬಿಳಿ ಹಾಳೆಯೊಂದನ್ನು ಕೆಳಗೆ ಹಿಡಿದು ಎಲೆಯನ್ನು ತಟ್ಟುವರು. ಹಾಳೆಯ ಮೇಲೆ ಬಿದ್ದ ಧೂಳಿನಲ್ಲಿ ಕೆಲವು ಕಣಗಳು ನಿಧಾನವಾಗಿ ನಡೆಯತೊಡಗಿದರೆ ಅದು ನುಸಿ. ಬರಿಗಣ್ಣಿಗೆ ಕೆಂಪು ಚುಕ್ಕೆ, ಗಾಜಿನಲ್ಲಿ ಎಂಟು ಕಾಲಿನ ಜೇಡ. ತೆಲುಗು ರೈತರು ಎರ್ರ ನಲ್ಲಿ, ಅಂದರೆ ಕೆಂಪು ನುಸಿ, ಅನ್ನುತ್ತಿದ್ದರು. ಎಲೆಯ ತಳದಲ್ಲಿ ಕೂತು ರಸ ಹೀರುತ್ತದೆ, ಬಲೆ ಕಟ್ಟುತ್ತದೆ. ಮೇಲಿನಿಂದ ನೋಡಿದರೆ ಎಲೆಗೆ ಬಿಳಿ ಬಿಳಿ ಚುಕ್ಕೆ, ಅಷ್ಟೇ. ಅದು ಕಾಣುವ ಹೊತ್ತಿಗೆ ಕೆಳಗೆ ಸಂಸಾರ ಹೂಡಿ ಆಗಿರುತ್ತದೆ.

"ಕೆಳಗ ನೋಡ್ರಿ" ಎಂಬುದು ಅವರ ಬಾಯಲ್ಲಿ ದಿನಕ್ಕೆ ಎಷ್ಟು ಸಲ ಬರುತ್ತಿತ್ತೋ. ನಿಂತು ಮಾತಾಡುವ ರೈತನಿಗೆ, ನನಗೆ, ಮ್ಯಾನೇಜರಿಗೆ. ಒಮ್ಮೆ ಕಾಚಿಗೂಡದಲ್ಲಿ ಅವರ ಯಜಮಾನರ ಬಳಗದ ಮದುವೆ. ನಾನೂ ಹೋಗಿದ್ದೆ. ಊಟವಾದ ಮೇಲೆ ತಟ್ಟೆಯಲ್ಲಿ ವೀಳ್ಯದೆಲೆ ಬಂತು. ಇವರು ಒಂದೊಂದೇ ಎಲೆ ಎತ್ತಿ, ಮಗುಚಿ, ಬೆಳಕಿಗೆ ಹಿಡಿದು ನೋಡುತ್ತ ಕೂತುಬಿಟ್ಟರು. ಬೀಗಿತಿಯ ಮುಖ ಕೆಂಪಾಯಿತು. "ನಿಮ್ಮ ಮೇಡಂನ ಎಬ್ಬಿಸಪಾ, ಎಲಿ ಛಲೋ ಇಲ್ಲಂತ ತಿಳಕೋತಾರ" ಎಂದು ಯಜಮಾನರು ನನ್ನ ಕಿವಿಯಲ್ಲಿ ಹೇಳಿದರು.

ಸಿಟ್ಟಿನವರು. ಸುಳ್ಳು ಹೇಳಿದ ರೈತನನ್ನು ಹೆಂಡತಿ ಮಕ್ಕಳೆದುರಿಗೇ ಬೈಯುತ್ತಿದ್ದರು. ಯಾರ ಮನೆಯಲ್ಲೂ ಉಣ್ಣುತ್ತಿರಲಿಲ್ಲ. ಡಬ್ಬಿಯ ರೊಟ್ಟಿ, ಪುಂಡಿಪಲ್ಲೆಯನ್ನು ಬದುವಿನ ಮೇಲೆ ನಿಂತೇ ತಿಂದು ಮುಗಿಸುವರು. ಯಾರಾದರೂ ಪ್ರೀತಿಯಿಂದ ಎಳನೀರು ತಂದರೆ ನನಗೆ ಕೊಡಿಸುವರು. ಅವರ ಮೇಲೆ ಪ್ರೀತಿಗಿಂತ ಹೆದರಿಕೆ ಹೆಚ್ಚು ಇತ್ತೆಂದರೆ ತಪ್ಪಲ್ಲ.

ಒಂದು ಬೇಸಿಗೆಯಲ್ಲಿ ಅವರು ಟಿಪ್ಪರ್ ತಡೆದು ನಿಲ್ಲಿಸಿದ್ದನ್ನು ನಾನು ಮರೆಯಲಾರೆ. ಗಚ್ಚಿಬೌಲಿ ದಾಟಿ ನಾರ್ಸಿಂಗಿಯ ಆಚೆ ನಮ್ಮ ಕೆಲವು ಹೊಲಗಳಿದ್ದವು. ಸುತ್ತ ಬಂಡೆ ಒಡೆಯುತ್ತಿದ್ದರು. ಕಲ್ಲು ಮಣ್ಣು ತುಂಬಿದ ಟಿಪ್ಪರುಗಳು ಬೆಳಗಿನಿಂದ ಸಂಜೆಯವರೆಗೆ ಹೊಲಗಳ ನಡುವಿನ ಕಚ್ಚಾ ದಾರಿಯಲ್ಲಿ ಓಡುತ್ತಿದ್ದವು. ಎಬ್ಬಿದ ಧೂಳೆಲ್ಲ ಟೊಮಾಟೊ ಎಲೆಗಳ ಮೇಲೆ. ಬಿಸಿಲು, ಧೂಳು, ಒಣ ಗಾಳಿ ಮೂರೂ ನುಸಿಗೆ ಹಬ್ಬ. ಅವರು ತಮ್ಮ ಸ್ಕೂಟಿಯನ್ನು ದಾರಿಗೆ ಅಡ್ಡ ಮಲಗಿಸಿ ಅದರ ಮುಂದೆ ನಿಂತರು.

"ಪೆಹಲೆ ಪಾನೀ ಮಾರೋ ರೋಡ್ ಪೆ, ಬಾದ್ ಮೆ ಗಾಡೀ ನಿಕಾಲೋ" ಎಂದರು ಡ್ರೈವರನಿಗೆ. ಮೊದಲು ದಾರಿಗೆ ನೀರು ಹೊಡಿ, ಆಮೇಲೆ ಗಾಡಿ ತೆಗೆ ಎಂದು.

ಅವನು ನಕ್ಕ. ಹಾರ್ನ್ ಹೊಡೆದ. ಹಿಂದೆ ಇನ್ನೂ ನಾಲ್ಕಾರು ಟಿಪ್ಪರು ಬಂದು ನಿಂತವು. ಗುತ್ತಿಗೆದಾರನೇ ಜೀಪಿನಲ್ಲಿ ಬರುವವರೆಗೆ ಇವರು ಅಲುಗಲಿಲ್ಲ. ಅವನಿಗೆ ಒಂದು ಎಲೆ ಕಿತ್ತು, ಮಗುಚಿ, ಭೂತಗನ್ನಡಿ ಕೊಟ್ಟು ನೋಡು ಅಂದರು. ಅವನು ನೋಡಿ ಅಸಹ್ಯದಿಂದ ಕೈ ಒರೆಸಿಕೊಂಡ. ಆಮೇಲೆ ಕೆಲವು ದಿನ ನೀರಿನ ಟ್ಯಾಂಕರು ಬಂದು ದಾರಿ ನೆನೆಸಿತು. ಬಳಿಕ ನಿಂತಿತು. ಇವರು ಮತ್ತೆ ಸ್ಕೂಟಿ ಮಲಗಿಸಿದರು.

ಆ ದಾರಿಯ ಪಕ್ಕದ ಹೊಲವೇ ಕಾಶಪ್ಪನದು. ಅವನದೆಂದರೆ ಅವನು ಲಾವಣಿಗೆ, ಅಂದರೆ ಗೇಣಿಗೆ, ಹಿಡಿದದ್ದು. ಗುರುಮಠಕಲ್ ಕಡೆಯಿಂದ ಹೆಂಡತಿ ಶರಣಮ್ಮನನ್ನು ಕರೆದುಕೊಂಡು ಬಂದವನು, ಹೈಟೆಕ್ ಸಿಟಿಯ ಕಟ್ಟಡಗಳಿಗೆ ಕಾಂಕ್ರೀಟ್ ಹೊತ್ತು ಬೇಸತ್ತು, ಮಣ್ಣಿನ ಕೆಲಸವೇ ಲೇಸು ಎಂದು ಹೊಲ ಹಿಡಿದಿದ್ದ. ಮಗಳನ್ನು ಊರಲ್ಲಿ ಅಜ್ಜಿಯ ಬಳಿ ಬಿಟ್ಟಿದ್ದರು. ಹೊಲದ ಒಡೆಯ ಆಗಲೇ ಆ ಜಾಗ ಮಾರಲು ಮಾತಾಡಿದ್ದ. "ಇದೊಂದು ಬೆಳೆ ತೆಗೆದುಕೊಂಡು ಬಿಟ್ಟುಬಿಡಿ" ಎಂದಿದ್ದ. ಕಾಶಪ್ಪನಿಗೆ ಇದ್ದದ್ದು ಅದೊಂದೇ ಬೆಳೆ.

ಮಾತಿಗೊಮ್ಮೆ ನಗುವ ಮನುಷ್ಯ. ನಮ್ಮ ಮೇಡಂ ಅವರನ್ನು 'ಅಕ್ಕಾರ' ಅನ್ನುತ್ತಿದ್ದ. ಊರ ಶಾಲೆಯಲ್ಲಿ ಟೀಚರಮ್ಮನನ್ನು ಕರೆಯುವ ಹಾಗೆ. ಅವರ ಸಿಟ್ಟಿಗೆ ಹೆದರದವನು ನಾನು ಕಂಡಂತೆ ಅವನೊಬ್ಬ.

ನಾವು ಮೊದಲು ಹೋದಾಗ ಅರ್ಧ ಹೊಲ ಕಂದು ಬಣ್ಣಕ್ಕೆ ತಿರುಗಿತ್ತು. ಇವರು ಎಲೆ ತಟ್ಟಿ ನೋಡಿದರು. ಹಾಳೆ ಕೆಂಪಾಯಿತು.

"ಏನ್ ಹೊಡದೀರಿ ಇದಕ್ಕ?"

"ಅಂಗಡ್ಯಾಂವ ಕೊಟ್ಟ ಎಣ್ಣಿರಿ ಅಕ್ಕಾರ. ಎರಡು ಸರ್ತಿ ಹೊಡದೀನಿ. ಹೊಡದಂಗೆಲ್ಲ ಹೆಚ್ಚಾಗಾಕತ್ತಾವ್ರಿ."

"ಹೆಚ್ಚಾಗ್ದ ಏನಾಗತಾವ? ಆ ಎಣ್ಣಿ ನುಸಿನ ಕೊಲ್ಲಂಗಿಲ್ಲ. ನುಸಿ ತಿನ್ನೂ ಹುಳ ಇರತಾವಲ್ಲ, ಗುಲಗಂಜಿ ಹುಳ, ಅವನ್ನ ಕೊಲ್ಲತೈತಿ. ಕಾವಲುಗಾರನ್ನ ಕೊಂದು ಕಳ್ಳಗ ಬಾಗಲಾ ತಗದು ಕೊಟ್ಟೀಯಲ್ಲೋ."

ಅವತ್ತು ಅವರು ಹೇಳಿದ್ದು ಹೀಗೆ: ಆ ಎಣ್ಣೆ, ಅಂದರೆ ಕೀಟನಾಶಕ, ನಿಲ್ಲಿಸಬೇಕು. ಕೆಳಗಿನ ಹಾಳಾದ ಎಲೆಗಳನ್ನೆಲ್ಲ ಚಿವುಟಿ ಚೀಲಕ್ಕೆ ತುಂಬಿ ಹೊಲದಿಂದ ದೂರ ಒಯ್ದು ಸುಡಬೇಕು. ನೀರು ತಪ್ಪಿಸಬಾರದು, ಬಾಯಾರಿದ ಗಿಡಕ್ಕೆ ನುಸಿ ಬೇಗ ಹತ್ತುತ್ತದೆ. ಬೆಳಿಗ್ಗೆ ಸಿಂಪಡಿಸುವ ಪಂಪಿನಲ್ಲಿ ಬರೀ ನೀರು ತುಂಬಿ ಎಲೆಯ ತಳ ತೊಳೆಯಬೇಕು. ಆಮೇಲೆ ಒಂದು ಸಂಜೆ, ಬಿಸಿಲಿಳಿದ ಮೇಲೆ, ನೀರಲ್ಲಿ ಕಲಸುವ ಗಂಧಕ ಹೊಡೆಯಬೇಕು.

ಕಾಶಪ್ಪ ಪಂಪು ಬೆನ್ನಿಗೇರಿಸಿ ಎಲ್ಲರಂತೆ ಮೇಲಿನಿಂದ ಹೊಡೆಯತೊಡಗಿದ. ಇವರಿಗೆ ತಡೆಯಲಾಗಲಿಲ್ಲ. "ಕೊಡಿಲ್ಲಿ" ಎಂದು ಪಂಪು ಕಸಿದು ತಮ್ಮ ಬೆನ್ನಿಗೆ ಕಟ್ಟಿಕೊಂಡರು. ಕೋಲು ಕೊಟ್ಟು ಕಟ್ಟಿದ ಟೊಮಾಟೊ ಗಿಡ ಎದೆಯೆತ್ತರ ಬಂದಿತ್ತು. ಸಾಲಿನ ನಡುವೆ ಬಗ್ಗಿ, ಕೊಳವೆಯ ಮೂತಿಯನ್ನು ಮೇಲಕ್ಕೆ ತಿರುಗಿಸಿ, ಕೆಳಗಿನಿಂದ ಎಲೆಯ ತಳಕ್ಕೆ ಹೊಡೆದರು. ಹೊಡೆದ ನೀರೆಲ್ಲ ಹನಿಹನಿಯಾಗಿ ತಿರುಗಿ ಅವರ ಮುಖದ ಮೇಲೆಯೇ ಬಿತ್ತು. ಕುಂಕುಮ ಕರಗಿ ಮೂಗಿನವರೆಗೆ ಇಳಿಯಿತು. ಶರಣಮ್ಮ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು. ಆಗ ಅವರೂ ನಕ್ಕರು. ಅಷ್ಟು ಬಾಯ್ತುಂಬ ನಕ್ಕಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

"ಹಿಂಗ ಮಕ ತೊಯ್ಬೇಕು ನೋಡು ಕಾಶಪ್ಪ. ಮಕ ತೊಯ್ದ್ರ ಖರೇ ಹೊಡದಂಗ."

"ಹೂನ್ರಿ ಅಕ್ಕಾರ. ಮಕ ತೊಯ್ದ್ರ ಖರೇ ಹೊಡದಂಗ" ಎಂದು ಅವನು ಪಾಠ ಒಪ್ಪಿಸುವವನಂತೆ ಹೇಳಿದ.

ಗಂಧಕ ಹೊಡೆಯುವ ಸಂಜೆಯೂ ನಾವಿದ್ದೆವು. ಇವರು ಕಾಶಪ್ಪನ ಮುಖಕ್ಕೆ ಬಟ್ಟೆ ಕಟ್ಟಿಸಿ ಹೊಡೆಸಿದರು. ಅದನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಮುಂದೆ ಯಾರೂ ಅದನ್ನು ನೆನೆಸಿಕೊಳ್ಳಲಿಲ್ಲ, ಅವರು ಕೂಡ.

ನುಸಿ ಇಳಿಯಿತು. ಆದರೆ ನುಸಿ ತಿಂದ ಎಲೆ ಮತ್ತೆ ಹಸಿರಾಗುವುದಿಲ್ಲ. ಹೊಲ ದೂರದಿಂದ ಇನ್ನೂ ಕಂದಾಗಿಯೇ ಕಾಣುತ್ತಿತ್ತು. ಕಾಶಪ್ಪ ದಿನಾ ಅದನ್ನೇ ನೋಡುತ್ತಿದ್ದ. ಇವರು ಅವನನ್ನು ಗಿಡದ ಹತ್ತಿರ ಎಳೆದುಕೊಂಡು ಹೋಗಿ ಚಿಗುರು ತೋರಿಸಿದರು. "ಹಳೇ ಎಲಿ ನೋಡಬ್ಯಾಡ. ಇದನ್ನ ನೋಡು. ಇದರಾಗ ಒಂದ ನುಸಿ ತೋರಸು ನನಗ. ಸ್ವಲ್ಪ ತಡಿ, ಗಿಡ ತಾನ ಎದ್ದು ನಿಲ್ಲತೈತಿ."

"ನೀವ್ ಹೇಳಿದ್ರ ಆತ್ರಿ" ಎಂದ. ಆದರೆ ಅವನ ಕಣ್ಣು ಮತ್ತೆ ಕಂದು ಎಲೆಗಳ ಕಡೆಗೇ ಹೋಗುತ್ತಿತ್ತು.

ಕಂಪನಿಯವರು ನಮ್ಮಿಬ್ಬರನ್ನೂ ಸಿದ್ದಿಪೇಟೆ ಕಡೆಯ ಹೊಸ ಹೊಲಗಳಿಗೆ ಕಳಿಸಿದರು. ಹೊರಡುವ ಮುಂಚೆ ಇವರು ಕಾಶಪ್ಪನಿಗೆ "ನಾ ಬರೂತನಕ ಏನೂ ಹೊಡಿಬ್ಯಾಡ" ಎಂದು ಹೇಳಿ ಬಂದಿದ್ದರು. ನಾವು ಅತ್ತ ಇದ್ದಾಗ ಇತ್ತ ಹೊಲದ ಒಡೆಯ ಅಳತೆಯವರನ್ನು ಕರೆತಂದ. ಬದುವಿನ ಉದ್ದಕ್ಕೂ ಸುಣ್ಣ ಬಳಿದ ಕಲ್ಲು ನೆಟ್ಟರು. ಬೇಗ ಮುಗಿಸು ಎಂದು ಹೇಳಿ ಹೋದರು. ಕಾಶಪ್ಪ ಆ ಕಲ್ಲುಗಳನ್ನು ನೋಡಿದ, ಕಂದು ಎಲೆಗಳನ್ನು ನೋಡಿದ, ಎದ್ದು ಎಣ್ಣೆಯಂಗಡಿಗೆ ಹೋದ. ಒಂದೇ ಹೊಡೆತಕ್ಕೆ ಎಲ್ಲ ಸಾಯುವಂಥದ್ದು ಬೇಕು ಅಂದನಂತೆ. ಅಂಗಡಿಯವನು ಎರಡು ಬಾಟಲಿ ಕೊಟ್ಟು, ಕೂಡಿಸಿ ಹೊಡಿ ಅಂದ.

ಮುಂದಿನದನ್ನು ಶರಣಮ್ಮ ಹೇಳಿ ನನಗೆ ಗೊತ್ತು. ಬಿಸಿಲು ನೆತ್ತಿಗೇರಿದ ಹೊತ್ತು. ಅವನು ಸಾಲಿನ ನಡುವೆ ಬಗ್ಗಿ, ಮೂತಿಯನ್ನು ಮೇಲಕ್ಕೆ ತಿರುಗಿಸಿ ಹೊಡೆದ. ಕಲಿಸಿದ್ದು ಹಾಗೇ ತಾನೆ. ವಿಷ ತಿರುಗಿ ಮುಖದ ಮೇಲೆ, ಕೊರಳ ಮೇಲೆ, ತೋಳಿನ ಮೇಲೆ ಬಿತ್ತು. ಪಂಪು ಸೋರಿ ಬೆನ್ನೂ ತೊಯ್ದಿತ್ತು. ಬೆವರಿನ ಜೊತೆ ಅದನ್ನೂ ಟವಲಿನಲ್ಲಿ ಒರೆಸಿಕೊಂಡು, ಅದೇ ಟವಲನ್ನು ಬಾಯಿಗೆ ಕಟ್ಟಿಕೊಂಡ. ಶರಣಮ್ಮ "ಸಾಕು ಬರ್ರಿ, ಉಣ್ಣಬರ್ರಿ" ಎಂದು ಕೂಗಿದಳು. ಅವನು ಸಾಲಿನಿಂದ ತಲೆಯೆತ್ತಿ ನಕ್ಕ. "ಮಕ ತೊಯ್ದೈತಲೇ. ಖರೇ ಹೊಡದಂಗಾತು" ಎಂದ.

ಕರೆಂಟು ಹೋಗಿತ್ತು. ಬೋರಿನಿಂದ ನೀರು ಬರುತ್ತಿರಲಿಲ್ಲ. ಮೈ ತೊಳೆಯದೆ ಬೇವಿನ ನೆರಳಿಗೆ ಹೋಗಿ ಕೂತ. ಸ್ವಲ್ಪ ಹೊತ್ತಿಗೆ ವಾಂತಿ. ಬಾಯಿಂದ ಜೊಲ್ಲು ಸುರಿಯತೊಡಗಿತು. ಬೆವರು ನಿಲ್ಲಲಿಲ್ಲ. ಕಣ್ಣು ಮಂಜಾಯಿತು, ನೀ ಕಾಣವಲ್ಲಿ ಅಂದನಂತೆ. ಶರಣಮ್ಮ ದಾರಿಗೆ ಓಡಿ ಒಂದು ಟಿಪ್ಪರಿಗೆ ಕೈ ಮಾಡಿದಳು. ಆ ಡ್ರೈವರ್ ಮಣ್ಣನ್ನು ಅಲ್ಲೇ ಸುರಿದು ಅವನನ್ನು ಹತ್ತಿಸಿಕೊಂಡ. ಮೆಹದಿಪಟ್ಟಣಂ ದಾಟಿ ದೊಡ್ಡ ದವಾಖಾನೆಗೆ ಒಯ್ದರು.

ಸುದ್ದಿ ತಿಳಿದು ನಾವು ಸಿದ್ದಿಪೇಟೆಯಿಂದ ಬಂದಾಗ ಅವನಿಗೆ ಉಸಿರಾಟದ ಯಂತ್ರ ಹಾಕಿದ್ದರು. ಇವರು ವಾರ್ಡಿನ ಗಾಜಿನಾಚೆ ನಿಂತರು. ಬೂಟು ಕೂಡ ಕಳಚಿರಲಿಲ್ಲ, ಸಿದ್ದಿಪೇಟೆಯ ಕೆಸರು ಅದಕ್ಕೆ ಹತ್ತಿತ್ತು. ಎರಡನೆಯ ದಿನ ಮಧ್ಯಾಹ್ನ ಅವನು ಹೋದ.

ಶರಣಮ್ಮ ಕಾರಿಡಾರಿನ ನೆಲದ ಮೇಲೆ ಕೂತಿದ್ದಳು. ಅವಳ ಅಣ್ಣ, ಊರಿನವರು ನಾಲ್ಕು ಜನ ಸುತ್ತ ನಿಂತಿದ್ದರು. ಮೇಡಂ ಹತ್ತಿರ ಹೋದೊಡನೆ ಅವಳು ಅವರ ಕೈಹಿಡಿದು ಹೇಳಿದಳು: "ನೀವ್ ಹೇಳಿದಂಗ ಹೊಡದಾರ್ರಿ ಅಕ್ಕಾರ. ಮಕ ತೊಯ್ಯೂ ಹಂಗ ಹೊಡದಾರ್ರಿ."

ಅದರಲ್ಲಿ ಆರೋಪ ಇರಲಿಲ್ಲ. ಹೇಳಿಕೊಟ್ಟ ಮಾತನ್ನು ಗಂಡ ಮೀರಲಿಲ್ಲ ಎಂದು ಟೀಚರಮ್ಮನಿಗೆ ಸಾಕ್ಷಿ ಹೇಳಿದ ಹಾಗಿತ್ತು. ಆದರೆ ಸುತ್ತ ನಿಂತವರು ಇವರ ಕಡೆ ತಿರುಗಿದರು. "ಇದನ್ನ ನೀವು ಹೇಳಿದ್ರೇನ್ರಿ?" ಎಂದ ಅಣ್ಣ.

"ಅದು ಬರೀ ನೀರು ಹೊಡಿಯುವಾಗ ಹೇಳಿದ ಮಾತ್ರಿ. ಏನೂ ಹೊಡಿಬ್ಯಾಡ ಅಂತ..." ಎಂದು ನಾನು ಬಾಯಿ ತೆರೆದೆ. ಇವರು ನನ್ನ ತೋಳು ಹಿಡಿದು ಒತ್ತಿದರು. ಉಗುರು ನಾಟುವಷ್ಟು.

"ಹೂಂ, ನಾನ ಹೇಳಿದ್ದು" ಎಂದರು.

ಅಣ್ಣ ಅವರನ್ನು ಬಾಯಿಗೆ ಬಂದಂತೆ ಬೈದ. ಊರಿಗೇ ಬೈಯುತ್ತಿದ್ದವರು ನಿಂತು ಕೇಳಿದರು.

ಮ್ಯಾನೇಜರು ಆ ಹೊಲದ ಕಡೆ ತಲೆ ಹಾಕಬೇಡಿ ಎಂದರು. ನಾವು ಕೊಟ್ಟ ಎಣ್ಣೆಯಲ್ಲ, ಕೇಸು ಗೀಸು ಆದರೆ ಕಂಪನಿಗೆ ಸುತ್ತಿಕೊಳ್ಳುತ್ತದೆ ಎಂದರು. ಇವರು ರಜೆ ಹಾಕಿ ಅಲ್ಲಿಗೇ ಹೋದರು. ಗಂಡನ ಮಣ್ಣು ಮುಗಿಸಿ ಊರಿಂದ ಶರಣಮ್ಮ ಅಣ್ಣನೊಂದಿಗೆ ಮರಳಿ ಬಂದಿದ್ದಳು. ಬೆಳೆ ನಿಂತಿತ್ತಲ್ಲ. ಬಿಟ್ಟು ಹೋಗುವಂತಿರಲಿಲ್ಲ.

ಆ ಹೊತ್ತಿಗೆ ಹೊಲ ಎದ್ದು ನಿಂತಿತ್ತು. ಇವರು ಹೇಳಿದ ಹಾಗೇ ಚಿಗುರೆಲ್ಲ ತಿಳಿಹಸಿರು, ಹೂ, ಕಾಯಿ. ಕಾಶಪ್ಪ ಕೊನೆಯ ದಿನ ವಿಷ ಹೊಡೆದದ್ದು ದಾರಿ ಪಕ್ಕದ ಕೆಲವು ಸಾಲುಗಳಿಗೆ ಮಾತ್ರ. ಉಳಿದದ್ದಕ್ಕೆ ಏನೂ ಬಿದ್ದಿರಲಿಲ್ಲ, ಅದೂ ಹಾಗೇ ಚೇತರಿಸಿಕೊಂಡಿತ್ತು. ಆ ವಿಷ ಬೇಕೇ ಇರಲಿಲ್ಲ ಎಂದು ನಾನು ಜೋರಾಗಿ ಹೇಳಲಿಲ್ಲ. ನೋಡಿದವರಿಗೆಲ್ಲ ಕಾಣುತ್ತಿತ್ತು.

ಆ ದಾರಿ ಪಕ್ಕದ ಸಾಲುಗಳಲ್ಲೇ ಹಣ್ಣು ಮೊದಲು ಕೆಂಪಾದದ್ದು. ಇವರು ಅದನ್ನು ಯಾರೂ ತಿನ್ನಬಾರದು, ಮಾರಬಾರದು, ಕಿತ್ತು ಹೂಳಬೇಕು ಎಂದರು. ಅಣ್ಣ ಗುಣಿ ತೋಡಿದ. ಇವರೇ ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಕಿತ್ತರು. ಶರಣಮ್ಮ ಬದುವಿನ ಮೇಲೆ ಕೂತು ನೋಡುತ್ತಿದ್ದಳು. ದವಾಖಾನೆಯಲ್ಲಿ ಕೂಡ ಅವಳು ಜೋರಾಗಿ ಅತ್ತಿರಲಿಲ್ಲ. ಹಣ್ಣಿನ ಬುಟ್ಟಿ ಗುಣಿಗೆ ಸುರಿದಾಗ ಎದ್ದು ಓಡಿ ಬಂದಳು. "ಅವರ ಕೈಯ್ಯಾಂದು ರೀ ಅದು. ಕಡೀದು ಅವರು ಮಾಡಿದ್ದು ಅದ ಐತ್ರಿ. ಮುಚ್ಚಬ್ಯಾಡ್ರಿ" ಎಂದು ಮಣ್ಣಿನ ಮೇಲೆ ಬಿದ್ದಳು. ಅಣ್ಣ ಅವಳನ್ನು ಎತ್ತಿದ. ಇವರು ಸಲಿಕೆ ತೆಗೆದುಕೊಂಡು ಗುಣಿ ಮುಚ್ಚಿದರು. ಇಷ್ಟು ಕಲ್ಲೆದೆ ಹೇಗೆ ಬಂತು ಎಂದು ನನಗೆ ಅವತ್ತು ಅನಿಸಿತ್ತು. ಆ ಹಣ್ಣು ಇನ್ನಾವುದೋ ಮನೆಯ ಸಾರಿಗೆ ಬೀಳಬಾರದು ಎಂಬುದೊಂದೇ ಅವರ ತಲೆಯಲ್ಲಿದ್ದದ್ದು.

ಉಳಿದ ಹಣ್ಣನ್ನು ಆ ಇಬ್ಬರು ಹೆಂಗಸರೂ ಬಿಡಿಸಿದರು. ಒಬ್ಬರು ಸಾಲಿನ ಈ ತುದಿ, ಇನ್ನೊಬ್ಬರು ಆ ತುದಿ. ಒಂದು ದಿನ ಬುಟ್ಟಿ ಇಳಿಸುತ್ತ ಶರಣಮ್ಮ, "ನೀವ್ ಅಂದಿದ್ದು ಖರೇನ ಇತ್ತಲ್ರಿ ಅಕ್ಕಾರ. ಬೆಳಿ ಬಂತು" ಎಂದಳು. ಇವರು ಬುಟ್ಟಿಯನ್ನು ಹಾಗೇ ಹಿಡಿದು ನಿಂತರು.

ಹೊಲ ಖಾಲಿಯಾದ ಮೇಲೆ ಶರಣಮ್ಮ ಊರು ಸೇರಿದಳು. ಇವರು ಕೆಲಸ ಬಿಟ್ಟರು.

ಆಮೇಲೆ ಅವರನ್ನು ನೀವು ನೋಡಿದ್ದರೆ ಅದೇ ಹೆಂಗಸೆಂದು ಹೇಳುತ್ತಿರಲಿಲ್ಲ. ಗಲ್ಲ ಇಳಿಯಿತು, ಬೈಗುಳ ನಿಂತಿತು. ಹೊಲಗಳು ಪ್ಲಾಟುಗಳಾಗುತ್ತ ಹೋದಂತೆ ತರಕಾರಿ ಮೊಯಿನಾಬಾದ್, ಚೇವೆಳ್ಳದ ಕಡೆ ಸರಿಯಿತು. ಇವರು ಮೆಹದಿಪಟ್ಟಣಂನಲ್ಲಿ ಬಸ್ಸು ಹತ್ತಿ ಅಲ್ಲಿಗೆ ಹೋಗುವರು. ಸಂಬಳ ಕೊಡುವವರಿಲ್ಲ, ಕರೆದವರಿಲ್ಲ. ಎಲ್ಲಿ ಪಂಪಿನ ಸದ್ದು ಕೇಳಿದರೂ ಇಳಿದು ಹೋಗಿ ಬದುವಿನ ಮೇಲೆ ಕೂಡುವರು. ಎಣ್ಣೆ ಹೊಡೆದವನು ಹೊರಬಂದ ತಕ್ಷಣ ಚೀಲದಿಂದ ಸಾಬೂನು ತೆಗೆದು ಕೊಟ್ಟು, "ಮದ್ಲ ಮೈ ತೊಳಕೋ, ಅಂಗಿ ತಗಿ" ಎನ್ನುವರು. ನೀರಿಲ್ಲವೆಂದರೆ ಪಕ್ಕದ ಹೊಲದಿಂದ ಕೊಡ ತರುವರು. ಕೆಲವರು ತೊಳೆದುಕೊಂಡರು. ಹಲವರು ನಕ್ಕರು. ಯಾರೋ ತಲೆ ಕೆಟ್ಟ ಅಮ್ಮ ಎಂದು ತೆಲುಗಿನಲ್ಲಿ ಆಡಿಕೊಂಡದ್ದು ನನ್ನ ಕಿವಿಗೂ ಬಿತ್ತು. ನುಸಿಯ ಬಗ್ಗೆ ಯಾರಾದರೂ ಕೇಳಿದರೆ ಎಲೆ ಚಿವುಟು, ನೀರು ತಪ್ಪಿಸಬೇಡ ಎಂದಷ್ಟೇ ಹೇಳುವರು. ಹೊಡೆಯುವುದನ್ನು ಯಾರಿಗೂ ಕಲಿಸಲಿಲ್ಲ.

"ತಪ್ಪು ನಿಮ್ಮದಲ್ರಿ" ಎಂದು ನಾನು ಎಷ್ಟೋ ಸಲ ಹೇಳಿದ್ದೇನೆ. ಒಮ್ಮೆ ಮಾತ್ರ ಉತ್ತರ ಕೊಟ್ಟರು. "ತಪ್ಪಲ್ಲ ಅಂತ ನನಗೂ ಗೊತ್ತೈತಿ. ತಪ್ಪು ಇದ್ದಿದ್ರ ಶಿಕ್ಷಾ ಆಗಿ ಮುಗೀತಿತ್ತು."

ವರ್ಷಕ್ಕೊಮ್ಮೆ, ಕಾಶಪ್ಪ ತೀರಿಕೊಂಡ ದಿನ, ಶರಣಮ್ಮನ ಊರಿಗೆ ಹೋಗುತ್ತಿದ್ದರು. ಕಡೆಯ ಸಲ ಅವರಿಗೆ ಮಂಡಿನೋವು ಜೋರಾಗಿತ್ತು, ನಾನೂ ಜೊತೆಗೆ ಹೋದೆ. ಹಾಸುಗಲ್ಲಿನ ಮಾಡಿನ ಸಣ್ಣ ಮನೆ. ಶರಣಮ್ಮ ಕೂಲಿಗೆ ಹೋಗುತ್ತಿದ್ದಳು, ಮಗಳು ಕಾಲೇಜು ಸೇರಿದ್ದಳು. ಶರಣಮ್ಮ ಚಾಪೆ ಹಾಸಿ, ಚಾ ಕೊಟ್ಟು, ಕಂಬಕ್ಕೆ ಆತು ನಿಂತಳು. ಇವರು ಮಗಳ ಓದಿನ ಬಗ್ಗೆ ಕೇಳಿದರು. ಅವಳು ಹೇಳಿದಳು. ಆಗ ಶರಣಮ್ಮ, "ಅಕ್ಕಾರ, ಒಂದ್ ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ" ಎಂದಳು.

"ಹೇಳವಾ."

"ಇನ್ನ ನೀವು ಬರಬ್ಯಾಡ್ರಿ. ನಿಮ್ಮ ಮ್ಯಾಲ ನನಗ ಸಿಟ್ಟಿಲ್ಲ, ದೇವರಾಣಿ. ನೀವು ಬರೂ ದಿನ ಹತ್ರ ಬಂತಂದ್ರ ನನಗ ನಿದ್ದಿ ಹತ್ತಂಗಿಲ್ರಿ. ಬಾಗಲದಾಗ ನಿಮ್ಮನ್ನ ನೋಡಿದ ಕೂಡ್ಲೆ ಆ ದವಾಖಾನಿ ಕಣ್ಣಿಗೆ ಬರತೈತಿ. ವರ್ಷಾ ವರ್ಷಾ ನಮ್ಮವರು ಮತ್ತ ಸತ್ತಂಗ ಆಗತೈತ್ರಿ."

ಇವರು ಕೈಯಲ್ಲಿದ್ದ ಕಪ್ಪನ್ನು ನೆಲಕ್ಕಿಟ್ಟರು. "ಆತವಾ" ಎಂದರು. ಎದ್ದು, ಬಾಗಿಲಲ್ಲಿ ಒಂದು ಕ್ಷಣ ನಿಂತು ಅವಳ ತಲೆಯ ಮೇಲೆ ಕೈಯಿಡಲು ಹೋಗಿ, ಇಡದೆ ಹೊರಬಂದರು.

ಬಸ್ಸು ಪರಿಗಿ ದಾಟಿತು. ಆಮೇಲೆ ಕಿಟಕಿಯ ಕಡೆ ಮುಖ ಮಾಡಿಯೇ ಹೇಳಿದರು: "ನಾ ಆಕಿ ಸಲುವಾಗಿ ಹೋಗ್ತೀನಂತ ತಿಳದಿದ್ದೆ. ಆಕಿ ಮಾರಿ ನೋಡಿದ್ರ ನನಗ ಸ್ವಲ್ಪ ಹಗುರ ಆಗ್ತಿತ್ತು, ಅಷ್ಟ. ಆಕಿಗೆ ಏನಾಗತೈತಿ ಅಂತ ಒಮ್ಮೆರೆ ಕೇಳಲಿಲ್ಲ ನೋಡು."

ಮತ್ತೆ ಅವರು ಆ ಊರಿಗೆ ಹೋಗಲಿಲ್ಲ. ಮಂಡಿ ಸೋತು ಹೊಲಗಳಿಗೆ ಹೋಗುವುದೂ ನಿಂತಿತು. ಕಡೆಯ ದಿನಗಳಲ್ಲಿ ಫ್ಲ್ಯಾಟಿನ ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು, ಕೆಳಗೆ ಮೆಟ್ರೋ ಹೋಗುವುದನ್ನು ನೋಡುತ್ತ ಕೂತಿರುತ್ತಿದ್ದರಂತೆ. ನಾನು ಹೋದಾಗ ಚಾ ಮಾಡಿ ಕೊಡುವರು, ನನ್ನ ಮಕ್ಕಳನ್ನು ವಿಚಾರಿಸುವರು. ಶರಣಮ್ಮನ ಹೆಸರು ಅವರ ಬಾಯಲ್ಲಿ ಮತ್ತೆ ಬರಲಿಲ್ಲ.

ಸುಡುಗಾಡಿನಿಂದ ಬಂದ ಮರುದಿನ ಶರಣಮ್ಮನಿಗೆ ತಿಳಿಸಬೇಕೋ ಬೇಡವೋ ಎಂದು ಬಹಳ ಯೋಚಿಸಿದೆ. ಕಡೆಗೆ ಅವಳ ಅಣ್ಣನಿಂದ ನಂಬರು ಪಡೆದು ಫೋನ್ ಮಾಡಿದೆ. ಹೊಲದಲ್ಲಿದ್ದಳು. ಆಚೆಯಿಂದ ಹೆಂಗಸರ ಮಾತು, ಕಳೆ ಕೀಳುವ ಸದ್ದು ಕೇಳುತ್ತಿತ್ತು. ಹೇಳಿದೆ. ಅವಳು ಅಲ್ಲಿಂದ ದೂರ ನಡೆದು ಹೋದಳೆಂದು ಕಾಣುತ್ತದೆ, ಮಾತುಗಳು ಹಿಂದೆ ಉಳಿದವು.

"ಏನಾಗಿತ್ರಿ?" ಎಂದಳು.

"ಎದಿ ನಿಂತಿತಂತ. ಮಲಗಿದಲ್ಲೇ."

"ತ್ರಾಸ ಆಗಿಲ್ಲಲ್ರಿ?"

"ಇಲ್ಲ."

"ನಾ ಬರಬ್ಯಾಡ್ರಿ ಅಂದಿದ್ದೆ" ಎಂದಳು. "ಖರೇನ ಬರಲಿಲ್ಲ ನೋಡ್ರಿ ಅವರು."

"ನೀ ಹೇಳಿದ್ದಿ ಅಂತ ಬರಲಿಲ್ಲ ಶರಣಮ್ಮಾ."

"ಹೂನ್ರಿ. ಮರುವರ್ಷ ಆ ದಿನ ನಾ ಕೂಲಿಗೆ ಹೋಗಲಿಲ್ರಿ. ಒಂದು ವ್ಯಾಳೆ ಬಂದ್ರ, ಬಾಗಲಾ ಕೀಲಿ ಹಾಕಿದ್ದು ಕಾಣಬಾರದಂತ, ಹೊತ್ತು ಮುಣಗೂತನ ಮನ್ಯಾಗ ಕುಂತಿದ್ದೆ."